ಎಂಟು ವಾರದ ಕೋರ್ಸ್, ನಂಗೆ ಉಳಿದಿದ್ದು ಎರಡನೇ ವಾರ

ಈ ಕೋರ್ಸ್ ಮುಗ್ದು ಒಂದು ತಿಂಗಳಾಯ್ತು, ರಿವ್ಯೂ ಬರೀತೀನಿ ಬರೀತೀನಿ ಅಂತ ಹೇಳ್ಕೊಂಡೇ ಬಂದೆ, ಇವತ್ತು ಕೂತಿದೀನಿ. ಆನ್‌ಲೈನ್ ಕೋರ್ಸು, ವಾರಕ್ಕೊಂದು ವಿಡಿಯೋ ಸುಮಾರು ನಲವತ್ತು ನಿಮಿಷದ್ದು, ಒಂದು ವರ್ಕ್‌ಬುಕ್ ಪಿಡಿಎಫ್ಫು, ಆಮೇಲೆ ವಾರಕ್ಕೊಂದ್ಸಲ ಸಂಜೆ ಝೂಮ್‌ನಲ್ಲಿ ಹತ್ತು ಹನ್ನೆರಡು ಜನ ಸೇರಿ ಚರ್ಚೆ. ವಿಷಯ ಏನಂದ್ರೆ, ಸುತ್ತ ಇರೋ ಸಮಾಜ ಒಪ್ಪದೇ ಇರೋ ಕಡೆ, ಅಥ್ವಾ ನೋಡಿ ನಗೋ ಕಡೆ, ಕ್ರೈಸ್ತ ನಂಬಿಕೆ ಹಿಡ್ಕೊಂಡು ದಿನಾ ಬದುಕೋದು ಹೇಗೆ ಅಂತ. ಹೆಸರು ಹಾಕ್ತಿಲ್ಲ, ಯಾಕಂದ್ರೆ ನಮ್ ಗುಂಪಲ್ಲಿ ನಡೆದಿದ್ದೊಂದನ್ನ ಕೆಳಗೆ ಬರೀತೀನಿ, ಅದ್ರಲ್ಲಿದ್ದವರಿಗೆ ಮುಜುಗರ ಆಗೋದು ಬೇಡ.

ಸೇರ್ಕೊಂಡಿದ್ದೂ ನಾನಾಗೇ ಅಲ್ಲ. ನಮ್ಮ ಚರ್ಚ್ ಸಭೆಯ ಅಕ್ಕ ಒಬ್ರು ಲಿಂಕ್ ಕಳ್ಸಿ ‘ಆಫೀಸಲ್ಲಿ ನಿಂಗೆ ಆಗ್ತಿರೋದಕ್ಕೆ ಇದು ಬೇಕು ಕಣೆ’ ಅಂದ್ರು. ನಂಗೇನ್ ಆಗ್ತಿತ್ತು ಅಂದ್ರೆ, ನಂದು ಚೆಕಿಂಗ್ ಕೆಲಸ, ಮಾಡಿದ ಕೆಲಸ ಸರಿ ಇದೆಯಾ ಅಂತ ನೋಡಿ ಲಿಸ್ಟಿಗೆ ಸೈನ್ ಹಾಕೋದು. ಒಂದಿನ ಮ್ಯಾನೇಜರ್ ಬಂದು, ನೋಡದೇ ಇರೋದಕ್ಕೂ ನೋಡಿದೀನಿ ಅಂತ ಸೈನ್ ಹಾಕಿಬಿಡು ಅಂದ್ರು. ನಾನು ಎಲ್ಲರ ಮುಂದೆ, ಜೋರಾಗಿ, ‘ನಾನು ಕ್ರೈಸ್ತಳು ಸಾರ್, ಸುಳ್ಳಿಗೆಲ್ಲ ಸೈನ್ ಹಾಕಲ್ಲ’ ಅಂದುಬಿಟ್ಟೆ. ಸಾಲ್ದು ಅಂತ ಸಂಜೆ ಒಂದು ಮೇಲ್ ಬೇರೆ ಹಾಕ್ದೆ, ಇಡೀ ಟೀಮನ್ನ ಸಿಸಿಯಲ್ಲಿಟ್ಟು, ಕೆಳಗೆ ಬೈಬಲ್ ವಚನ ಸಮೇತ. ಆಮೇಲೆ ಆರು ತಿಂಗಳು ಆ ಮನುಷ್ಯ ನನ್ನ ಮುಖ ನೋಡಿ ಮಾತಾಡ್ಲಿಲ್ಲ, ಟೀಮ್‌ನವರೂ ಅಷ್ಟಕ್ಕಷ್ಟೆ. ನಾನಂತೂ ಇದನ್ನ ಹಿಂಸೆ ಅಂತ್ಲೇ ಲೆಕ್ಕ ಹಾಕ್ಕೊಂಡಿದ್ದೆ, ಪ್ರಾರ್ಥನಾ ಕೂಟದಲ್ಲಿ ಹೇಳಿ ಕಣ್ಣೀರೂ ಹಾಕಿದೀನಿ.

ಮೊದಲ್ನೇ ವಾರ ಬೈಬಲಿನ ಪ್ರವಾದಿ ಯೆರೆಮೀಯನ ಪತ್ರ, ಬಾಬೆಲಿಗೆ, ಅಂದ್ರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯರಿಗೆ ಬರೆದಿದ್ದು, ಅವನ ಪುಸ್ತಕದ 29ನೇ ಅಧ್ಯಾಯ. ಮನೆ ಕಟ್ಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನ ಸೆರೆ ಒಯ್ದ ಆ ಪಟ್ಟಣದ ಒಳ್ಳೇದಕ್ಕೆ ಪ್ರಾರ್ಥನೆ ಮಾಡಿ ಅಂತ. ಚೆನ್ನಾಗೇ ಹೇಳಿದ್ರು, ಆದ್ರೆ ಎಲ್ರೂ ಕೇಳಿರೋದೆ, ವಿಡಿಯೋ ಹಿಂದೆ ಪಿಟೀಲು ಮ್ಯೂಸಿಕ್ ಬೇರೆ, ನಂಗೆ ನಿದ್ದೆ ಬಂತು.

ಎರಡನೇ ವಾರಕ್ಕೇ ಕೋರ್ಸ್ ಎದ್ದು ಕೂತಿದ್ದು. ದಾನಿಯೇಲನ ಪುಸ್ತಕದ ಮೊದಲನೇ ಅಧ್ಯಾಯ, ಅವನೂ ಬಾಬೆಲಿಗೆ ಸೆರೆ ಹೋದ ಹುಡುಗ. ಸಂಡೇ ಸ್ಕೂಲ್‌ನಿಂದ ಕೇಳಿದೀವಿ, ದಾನಿಯೇಲ ರಾಜನ ಊಟ ಬೇಡ ಅಂದ, ತರಕಾರಿ ತಿಂದ, ಚೆನ್ನಾಗಿ ಆದ, ಕಥೆ ಮುಗೀತು. ಇವ್ರು ನಿಧಾನಕ್ಕೆ ಒಂದೊಂದೇ ವಾಕ್ಯ ಓದಿಸಿದ್ರು. ಮೊದಲು, ಅವನು ಏನೇನಕ್ಕೆ ‘ಆಗಲ್ಲ’ ಅನ್ಲೇ ಇಲ್ಲ ಅನ್ನೋದನ್ನ ಲಿಸ್ಟ್ ಮಾಡಿ ಅಂದ್ರು. ಪರದೇಶದ ಅರಮನೆ ಕೆಲಸ, ಮೂರು ವರ್ಷದ ಟ್ರೈನಿಂಗು, ಕಸ್ದೀಯರ, ಅಂದ್ರೆ ಬಾಬೆಲಿನವರ, ಭಾಷೆ ಮತ್ತು ಅವರ ಶಾಸ್ತ್ರ, ಎಲ್ಲಾ ಕಲಿತ. ಹೆಸರನ್ನೂ ಬದಲಾಯಿಸಿದ್ರು. ದಾನಿಯೇಲ ಅಂದ್ರೆ ದೇವರೇ ನನ್ನ ನ್ಯಾಯಾಧಿಪತಿ ಅಂತ, ಅದು ಹೋಗಿ ಬೇಲ್ತೆಶಚ್ಚರ ಅಂತ ಆಯ್ತು, ಅದು ತನ್ನ ದೇವರ ಹೆಸರು ಅಂತ ಬಾಬೆಲಿನ ರಾಜನೇ ಆಮೇಲೆ ಹೇಳ್ತಾನೆ. ಹೆಸರಿಗೋಸ್ಕರ ಅವನು ಜಗಳ ಮಾಡಿದ ಅಂತ ಎಲ್ಲೂ ಬರೆದಿಲ್ಲ. ನಾನಾಗಿದ್ರೆ ಅಲ್ಲೇ ರಾಜೀನಾಮೆ ಕೊಟ್ಟು ಫೇಸ್‌ಬುಕ್ಕಲ್ಲಿ ಪೋಸ್ಟ್ ಹಾಕ್ತಿದ್ದೆ. ಇಷ್ಟೆಲ್ಲ ಒಪ್ಕೊಂಡವನು ಊಟದ ಹತ್ರ ಬಂದು ನಿಂತ. ಯಾಕೆ ಊಟದ ಹತ್ರಾನೇ ಅನ್ನೋದಕ್ಕೆ ವ್ಯಾಖ್ಯಾನಕಾರರು ಬೇರೆ ಬೇರೆ ಕಾರಣ ಹೇಳ್ತಾರೆ, ವಿಡಿಯೋದವರೂ ಇದೇ ಸರಿ ಅಂತ ಒತ್ತಿ ಹೇಳ್ಲಿಲ್ಲ, ಅದು ಹಿಡಿಸ್ತು. ಅಂತೂ ಗೆರೆ ಎಳೆದಿದ್ದು ಒಂದೇ, ಅದನ್ನೂ ಎಳೆಯೋ ಮುಂಚೆ ಮನಸ್ಸಲ್ಲೇ ನಿಶ್ಚಯ ಮಾಡ್ಕೊಂಡಿದ್ದ.

ಆಮೇಲೆ ಕೇಳಿದ ರೀತಿ. ಇದು ನಂಗೆ ಕಪಾಳಕ್ಕೆ ಹೊಡೆದಂಗಾಯ್ತು. ಅವನು ‘ತಿನ್ನಲ್ಲ’ ಅಂತ ತಟ್ಟೆ ತಳ್ಳಲಿಲ್ಲ, ಮೇಲಿನ ಅಧಿಕಾರಿ ಹತ್ರ ಹೋಗಿ ಅಪ್ಪಣೆ ಕೇಳ್ದ. ಆ ಅಧಿಕಾರಿಗೆ ಇವನ ಮೇಲೆ ಪ್ರೀತಿ ಇತ್ತು, ಆದ್ರೂ ಅವನು ಏನಂದ, ನೀವು ಸೊರಗಿದ್ದು ರಾಜ ನೋಡಿದ್ರೆ ನನ್ನ ತಲೆ ಹೋಗುತ್ತೆ ಅಂದ. ಅಂದ್ರೆ ಎದುರುಗಡೆ ಇರೋನೂ ಹೆದರಿದಾನೆ! ಅವನಿಗೂ ಮೇಲೊಬ್ಬ ಇದಾನೆ! ದಾನಿಯೇಲ ಅಲ್ಲಿ ವಾದ ಮಾಡ್ಲಿಲ್ಲ, ಕೆಳಗಿನ ಮೇಲ್ವಿಚಾರಕನ ಹತ್ರ ಹೋಗಿ ಹತ್ತು ದಿನ ಪರೀಕ್ಷೆ ಮಾಡಿ ನೋಡಿ, ಕಾಯಿಪಲ್ಯ ನೀರು ಅಷ್ಟೇ ಕೊಡಿ, ಆಮೇಲೆ ನೀವು ಕಂಡಂಗೆ ಮಾಡಿ ಅಂದ. ಅವನ ತಲೆ ಉಳಿಯೋ ದಾರಿಯನ್ನೂ ಇವನೇ ಹುಡುಕಿ ಕೊಟ್ಟ. ವರ್ಕ್‌ಬುಕ್‌ನಲ್ಲಿ ಆ ವಾರದ ಹೋಮ್‌ವರ್ಕ್ ಮೂರೇ ಪ್ರಶ್ನೆ, ನಿಮಗೆ ಆಗಲ್ಲ ಅಂತ ಹೇಳಬೇಕಾಗಿರೋ ವ್ಯಕ್ತಿ ಯಾರು, ಅವರಿಗೆ ಯಾರ ಭಯ, ಅವರಿಗೆ ನಷ್ಟ ಆಗದ ಹಾಗೆ ನೀವು ಏನು ಕೊಡಬಲ್ಲಿರಿ. ನಾನು ಮೊದಲನೇದಕ್ಕೆ ಒಂದು ಸೆಕೆಂಡ್‌ನಲ್ಲಿ ಬರ್ದೆ, ಎರಡನೇದಕ್ಕೆ ಪೆನ್ ಹಿಡ್ಕೊಂಡು ಕೂತೆ ಕೂತೆ, ಏನೂ ಗೊತ್ತಿಲ್ಲ. ಆರು ತಿಂಗಳು ಆ ಮ್ಯಾನೇಜರ್ ಮೇಲೆ ಪ್ರಾರ್ಥನೆ ಮಾಡಿದೀನಿ, ಅವ್ರಿಗೆ ಯಾರ ಭಯ ಅಂತ ಒಂದಿನ ಯೋಚ್ನೆ ಮಾಡಿಲ್ಲ.

ಮುಂದಿನ ಸಲ ಅದೇ ಥರ ಫೈಲ್ ಬಂತು, ಬರುತ್ತೆ ಅಂತ ಗೊತ್ತಿತ್ತು. ಈ ಸಲ ನಾನು ಅವರ ರೂಮಿಗೆ ಒಬ್ಳೇ ಹೋದೆ, ಬಾಗಿಲು ಹಾಕ್ಕೊಂಡೆ. ಸಾರ್, ಇದು ಯಾಕೆ ನಾಳೆಗೇ ಬೇಕು ಅಂದೆ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು, ಹಣೆ ಉಜ್ಕೊಂಡು, ಮೇಲಿನವರ ಮೀಟಿಂಗ್ ಇದೆ, ಹೋದ ತಿಂಗಳೇ ಮುಗಿದಿದೆ ಅಂತ ಹೇಳಿಬಿಟ್ಟಿದೀನಿ ಅಂದ್ರು. ನಾನಂದೆ, ಅರ್ಧ ನಾನು ನಿಜವಾಗ್ಲೂ ನೋಡಿ ಆಗಿದೆ, ಅದಕ್ಕೆ ಸೈನ್ ಹಾಕ್ತೀನಿ, ಉಳಿದಿದ್ದಕ್ಕೆ ಬಾಕಿ ಇದೆ ಅಂತ ಬರೆದು ತಾರೀಖು ಹಾಕೋಣ, ಎರಡು ದಿನ ನಾನು ಲೇಟಾಗಿ ಕೂತು ಮುಗಿಸ್ತೀನಿ. ಗೊಣಗಿದ್ರು, ಆದ್ರೆ ಒಪ್ಕೊಂಡ್ರು. ವಚನ ಹೇಳ್ಲಿಲ್ಲ, ಸಿಸಿ ಇಲ್ಲ. ಹೊರಗೆ ಬರೋವಾಗ ಕೈ ನಡುಗ್ತಿತ್ತು, ಜೋರಾಗಿ ಕೂಗಿದ ದಿನ ಒಂಚೂರೂ ನಡುಗಿರ್ಲಿಲ್ಲ, ಇದೊಂದು ವಿಚಿತ್ರ.

ಇಷ್ಟಕ್ಕೇ ನಿಲ್ಸಿದ್ರೆ ಕೋರ್ಸ್ ಜಾಹೀರಾತು ಆಗುತ್ತೆ. ಮೂರನೇ ಸಲ ಅವರು ಒಪ್ಲಿಲ್ಲ, ಫೈಲ್ ಬೇರೆಯವರ ಕೈಗೆ ಕೊಟ್ರು, ಅವರು ಸೈನ್ ಹಾಕಿದ್ರು, ನಂಗೆ ಬರಬೇಕಿದ್ದ ಒಳ್ಳೆ ಪ್ರಾಜೆಕ್ಟೂ ಅವರಿಗೇ ಹೋಯ್ತು. ಇದಕ್ಕೆ ಮೂರನೇ ವಾರದ ವಿಡಿಯೋ ಇತ್ತು, ಬೆಂಕಿಯ ಕುಲುಮೆ, ರಾಜ ನಿಲ್ಸಿದ ಬೊಂಬೆಗೆ ಅಡ್ಡ ಬೀಳದ್ದಕ್ಕೆ ಅದ್ರೊಳಗೆ ಹಾಕಿಸ್ಕೊಂಡ ದಾನಿಯೇಲನ ಗೆಳೆಯರು ಶದ್ರಕ್ ಮೇಶಕ್ ಅಬೇದ್‌ನೆಗೋ. ನಮ್ಮ ದೇವರು ಬಿಡಿಸಬಲ್ಲ, ಬಿಡಿಸದೇ ಹೋದ್ರೂ ನಿನ್ನ ಬೊಂಬೆಗೆ ಅಡ್ಡ ಬೀಳಲ್ಲ ಅಂತಾರಲ್ಲ, ಆ ‘ಹೋದ್ರೂ’ ಮೇಲೆ ಇನ್ನೊಂದು ಹತ್ತು ನಿಮಿಷ ನಿಲ್ಲಬೇಕಿತ್ತು ಇವರು. ಸೀದಾ ಬೆಂಕಿಯೊಳಗೆ ಅವರ ಜೊತೆ ನಾಲ್ಕನೇ ಮನುಷ್ಯ ಕಾಣಿಸ್ಕೊಂಡಿದ್ದಕ್ಕೆ ಹೋಗಿ ಜಯಘೋಷ ಮಾಡಿ ಮುಗಿಸಿಬಿಟ್ರು. ಪ್ರಾಜೆಕ್ಟ್ ಹೋದೋರ ಗತಿ ಏನ್ರೀ.

ನಾಲ್ಕನೇ ವಾರ ಚರಿತ್ರೆ, ಇದು ಒಳ್ಳೇ ಮಟ್ಟದಲ್ಲಿತ್ತು. ಪ್ಲಿನಿ ಅಂತ ಬಿಥೂನ್ಯದ, ಈಗಿನ ಟರ್ಕಿ ಕಡೆಯ, ರೋಮನ್ ಗವರ್ನರ್ ಒಬ್ಬ, ಕ್ರಿ.ಶ. 112ರ ಆಸುಪಾಸಲ್ಲಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಕಾಗದ. ಕ್ರೈಸ್ತರನ್ನ ಮೂರು ಸಲ ಕೇಳ್ತೀನಿ, ಹೌದು ಕ್ರೈಸ್ತ ಅಂತಲೇ ಹಟ ಹಿಡಿದ್ರೆ ಮರಣದಂಡನೆಗೆ ಕಳಿಸ್ತೀನಿ, ಸರೀನಾ ಅಂತ ಕೇಳ್ತಾನೆ. ಟ್ರಾಜನ್ ಉತ್ತರ, ಹುಡುಕ್ಕೊಂಡು ಹೋಗಿ ಹಿಡೀಬೇಡ, ಹೆಸರಿಲ್ಲದ ದೂರು ತಗೋಬೇಡ. ಇದೆಲ್ಲ ಅಲ್ಲಿ ಇಲ್ಲಿ ಓದಿದ್ದೆ. ಗೊತ್ತಿಲ್ಲದೇ ಇದ್ದಿದ್ದು ಆ ಕಾಗದದೊಳಗಿನ ಇನ್ನೊಂದು ವಿಷಯ. ಇವರು ಸೇರಿ ಮಾಡೋದಾದ್ರೂ ಏನು ಅಂತ ವಿಚಾರಿಸಿದಾಗ ಪ್ಲಿನಿಗೆ ಸಿಕ್ಕಿದ್ದು, ಗೊತ್ತು ಮಾಡಿದ ದಿನ ಬೆಳಕು ಹರಿಯೋ ಮುಂಚೆ ಸೇರಿ ಕ್ರಿಸ್ತನನ್ನ ದೇವರು ಅಂತ ಹಾಡ್ತಾರೆ, ಆಮೇಲೆ ಆಣೆ ಇಡ್ತಾರೆ, ಕಳ್ಳತನ ಮಾಡಲ್ಲ, ವ್ಯಭಿಚಾರ ಮಾಡಲ್ಲ, ಕೊಟ್ಟ ಮಾತು ತಪ್ಪಲ್ಲ, ಯಾರಾದ್ರೂ ನಂಬಿ ಇಟ್ಟ ಹಣ ವಾಪಸ್ ಕೇಳಿದಾಗ ಇಲ್ಲ ಅನ್ನಲ್ಲ ಅಂತ. ನಂಬಿ ಇಟ್ಟ ಹಣ! ಇದು ದಾನಿಯೇಲನನ್ನ ಹಾಕಿದ ಸಿಂಹದ ಗುಹೆ ಅಲ್ಲ, ಲೆಕ್ಕದ ಪುಸ್ತಕ. ಪ್ರಾಣ ಹೋಗೋ ಕಾಲದಲ್ಲಿ ಇವರು ಮುಂಜಾನೆ ಎದ್ದು ಆಣೆ ಇಡ್ತಿದ್ದಿದ್ದು ಸಾಲ ಠೇವಣಿ ವಿಷಯಕ್ಕೆ. ನಂಗೆ ನನ್ನ ಚೆಕ್‌ಲಿಸ್ಟ್ ನೆನಪಾಗಿ ಒಂಥರಾ ಹಗುರ ಆಯ್ತು. ಸತ್ಯ ಗೊತ್ತಾಗೋದಕ್ಕೆ ಅಂತ ಪ್ಲಿನಿ ಇಬ್ರು ದಾಸಿಯರನ್ನ, ಸಭೆಯಲ್ಲಿ ಸೇವಕಿಯರಾಗಿದ್ದವರನ್ನ, ಚಿತ್ರಹಿಂಸೆ ಮಾಡಿ ವಿಚಾರಿಸಿದ ಅಂತಲೂ ಅದ್ರಲ್ಲೇ ಇದೆ, ಹೆಸರೂ ಬರೆದಿಲ್ಲ ಪಾಪ.

ಅದೇ ವಿಡಿಯೋದಲ್ಲಿ ಡೀಸಿಯಸ್ ಚಕ್ರವರ್ತಿದೂ ಬಂತು. 250ನೇ ಇಸವಿಯಲ್ಲಿ ಅವನು, ಎಲ್ಲರೂ ರೋಮಿನ ದೇವರುಗಳಿಗೆ ಬಲಿ ಕೊಟ್ಟು ಸಾಕ್ಷಿಗಳ ಸೈನ್ ಇರೋ ಸರ್ಟಿಫಿಕೇಟ್ ಇಟ್ಕೋಬೇಕು ಅಂತ ಆಜ್ಞೆ ಮಾಡ್ದ. ಆ ಸರ್ಟಿಫಿಕೇಟುಗಳು ಪಪೈರಸ್ ಚೂರುಗಳಾಗಿ ಈಜಿಪ್ಟಿನ ಮರಳಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ, ಸ್ಕ್ರೀನ್ ಮೇಲೆ ಒಂದರ ಫೋಟೋ ತೋರಿಸಿದ್ರು. ನಂಬಿಕೆ ಬಿಟ್ಟು ಬಲಿ ಕೊಟ್ಟವರು ಎಷ್ಟೋ ಜನ, ಬಲಿ ಕೊಡದೇ ದುಡ್ಡು ಕೊಟ್ಟು ಬರೀ ಸರ್ಟಿಫಿಕೇಟ್ ಮಾತ್ರ ಮಾಡಿಸ್ಕೊಂಡವರೂ ಇದ್ರು! ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಆವಾಗ ಊರು ಬಿಟ್ಟು ತಲೆ ಮರೆಸ್ಕೊಂಡಿದ್ರು, ಅದಕ್ಕೆ ಬೈಸ್ಕೊಂಡ್ರು ಕೂಡ. ಮತ್ತೆ ಅದೇ ಸಿಪ್ರಿಯನ್ 258ರಲ್ಲಿ ಓಡದೇ ನಿಂತು ತಲೆ ಕೊಟ್ರು. ಹೀಗೆ ನಂಬಿಕೆಯಿಂದ ಬಿದ್ದವರನ್ನ ಸಭೆಗೆ ವಾಪಸ್ ಸೇರಿಸ್ಕೋಬೇಕಾ ಬೇಡ್ವಾ ಅಂತ ಆಮೇಲೆ ಸಭೆಯೊಳಗೆ ದೊಡ್ಡ ಗಲಾಟೆ, ಪಶ್ಚಾತ್ತಾಪದ ದಾರಿ ಇಟ್ಟು ಸೇರಿಸ್ಕೊಂಡ್ರು ಕೊನೆಗೆ. ಈ ಭಾಗ ಐದೇ ನಿಮಿಷ. ನನ್ನ ಕೇಳಿದ್ರೆ ಇಡೀ ವಾರ ಇದಕ್ಕೇ ಕೊಡಬೇಕಿತ್ತು, ಯಾಕಂದ್ರೆ ನಮ್ಮಂಥವರು ಹೆಚ್ಚಿನವರು ಆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಂಡ ಗುಂಪಿಗೇ ಸೇರೋದು, ಬಲಿ ಕೊಟ್ಟಿಲ್ಲ, ಬೇಡ ಅಂತಾನೂ ಹೇಳಿಲ್ಲ.

ಐದನೇ ವಾರ ಎರಿಕ್ ಲಿಡ್ಡೆಲ್. ಸ್ಕಾಟ್ಲೆಂಡಿನ ಓಟಗಾರ, 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್, ಅಂದ್ರೆ ಮೊದಲ ಸುತ್ತು, ಭಾನುವಾರ ಇದ್ದಿದ್ದಕ್ಕೆ, ಅದು ದೇವರ ದಿನ, ಓಡಲ್ಲ ಅಂದು, 400 ಮೀಟರ್ ಓಡಿ 47.6 ಸೆಕೆಂಡಲ್ಲಿ ಚಿನ್ನ ಗೆದ್ದವರು. ವಿಡಿಯೋ ಅಲ್ಲಿಗೇ ನಿಂತುಬಿಡ್ತು, ಗೆರೆ ಎಳೆದ್ರು, ದೇವರು ಚಿನ್ನ ಕೊಟ್ರು. ಇಲ್ಲೇ ನಂಗೆ ತಕರಾರು. ಆ ಮನುಷ್ಯ ಮಾರನೇ ವರ್ಷವೇ ಮಿಷನರಿ ಆಗಿ ಚೀನಾಕ್ಕೆ ಹೋದ್ರು, ಯುದ್ಧದ ಕಾಲದಲ್ಲಿ ಜಪಾನಿಯರ ವೈಶೀನ್ ಕ್ಯಾಂಪಲ್ಲಿ ಸೆರೆ ಇದ್ರು, 1945ರ ಫೆಬ್ರವರೀಲಿ ಅಲ್ಲೇ ತೀರ್ಕೊಂಡ್ರು, ತಲೆಯೊಳಗೆ ಗಡ್ಡೆ. ಆ ಕ್ಯಾಂಪಿನಲ್ಲಿ ಮಕ್ಕಳಿಗೆ ಆಟ ಆಡಿಸೋರು, ಭಾನುವಾರ ಮಾತ್ರ ಇಲ್ಲ. ಬೇಜಾರಾಗಿ ಹುಡುಗರು ಒಂದ್ ಭಾನುವಾರ ತಾವೇ ಹಾಕಿ ಆಟ ಆಡೋಕೆ ಹೋಗಿ, ರೆಫ್ರಿ ಇಲ್ದೆ ಹೊಡೆದಾಡ್ಕೊಂಡ್ರಂತೆ. ಮುಂದಿನ ಭಾನುವಾರ ಲಿಡ್ಡೆಲ್ ತಾವೇ ಮೈದಾನಕ್ಕೆ ಬಂದು ರೆಫ್ರಿ ಆದ್ರು. ಚಿನ್ನದ ಪದಕಕ್ಕೋಸ್ಕರ ದಾಟದೇ ಇದ್ದ ಗೆರೆಯನ್ನ ಹೊಡೆದಾಡೋ ಹುಡುಗರಿಗೋಸ್ಕರ ದಾಟಿದ್ರು. ಇದನ್ನ ಬಿಟ್ಟು ಲಿಡ್ಡೆಲ್ ಕಥೆ ಹೇಳೋದು ಅಂದ್ರೆ ಅರ್ಧ ಮನುಷ್ಯನನ್ನ ತೋರಿಸಿದ ಹಾಗೆ. ಝೂಮ್‌ನಲ್ಲಿ ನಾನು ಇದನ್ನ ಎತ್ತಿದೆ, ಲೀಡರ್ ‘ಓ, ಹೌದಾ, ಇಂಟ್ರೆಸ್ಟಿಂಗ್’ ಅಂದು ಮುಂದಿನ ಪ್ರಶ್ನೆಗೆ ಹೋದ್ರು.

ಆರನೇ ವಾರ ಆಸ್ಟ್ರಿಯಾದ ರೈತ ಫ್ರಾಂಜ್ ಯೆಗರ್‌ಸ್ಟೆಟರ್. ಹಿಟ್ಲರನ ಯುದ್ಧಕ್ಕೆ ಹೋರಾಡಲ್ಲ ಅಂದವರು, 1943ರ ಆಗಸ್ಟ್ 9ರಂದು ತಲೆ ಕಡಿದ್ರು, 2007ರಲ್ಲಿ ಕ್ಯಾಥೊಲಿಕ್ ಸಭೆ ಧನ್ಯ, ಅಂದ್ರೆ ಸಂತ ಪದವಿಗೆ ಮುಂಚಿನ ಮೆಟ್ಟಿಲು, ಅಂತ ಸಾರಿತು. ಬದುಕಿದ್ದಾಗ ಮಾತ್ರ ಅವರ ಬಿಷಪ್ಪೇ ಹೆಂಡತಿ ಮಕ್ಕಳನ್ನ ನೋಡ್ಕೋ ಅಂತ ಬುದ್ಧಿ ಹೇಳಿ ಕಳಿಸಿದ್ರು. ಮೂರು ಚಿಕ್ಕ ಹೆಣ್ಣುಮಕ್ಕಳು. ಹೆಂಡತಿ ಫ್ರಾನ್ಸಿಸ್ಕಾ ಬೇರೆ ದಾರಿ ಇದೆಯಾ ಅಂತ ಹುಡುಕಿದವರೇ, ಆದ್ರೆ ಗಂಡ ನಿಶ್ಚಯ ಮಾಡಿದ ಮೇಲೆ ಜೊತೆಗೆ ನಿಂತ್ರು. ಇದನ್ನ ನೋಡಿ ನಾನು ಲ್ಯಾಪ್‌ಟಾಪ್ ಮುಚ್ಚಿ ಸುಮ್ನೆ ಕೂತಿದ್ದೆ, ವರ್ಕ್‌ಬುಕ್ ತುಂಬ್ಲಿಲ್ಲ. ಎದುರು ನಿಂತ ಸಮಾಜ ಅಂದ್ರೆ ಹೊರಗಿನವರು ಮಾತ್ರ ಅಂತ ಕೋರ್ಸ್ ಉಳಿದೆಲ್ಲಾ ಕಡೆ ಅಂದ್ಕೊಂಡಿದೆ. ಇವರನ್ನ ಒಂಟಿ ಮಾಡಿದ್ದು ಅಕ್ಕಪಕ್ಕ ಆರಾಧನೆಗೆ ಕೂರೋ ಜನ.

ಏಳನೇ ವಾರದ ಬಗ್ಗೆ ಜಾಸ್ತಿ ಬರೆಯಲ್ಲ, ಬೇರೆ ಸ್ಪೀಕರ್, ಮೊದಲಿಂದ ಕೊನೇವರೆಗೂ ಯುದ್ಧ, ಶತ್ರು, ಕೋಟೆ. ಸಿನಿಮಾ ನೋಡೋರು, ಹಬ್ಬಕ್ಕೆ ಶುಭಾಶಯ ಹೇಳೋರು, ಪ್ರಶ್ನೆ ಕೇಳೋ ಕಾಲೇಜ್ ಹುಡುಗರು, ಎಲ್ಲಾ ಒಂದೇ ಮೂಟೆ. ಎರಡನೇ ವಾರದಲ್ಲಿ ಕಲಿಸಿದ್ದನ್ನ ಈ ಮನುಷ್ಯ ನೋಡಿಯೇ ಇಲ್ಲ ಅನ್ಸುತ್ತೆ. ಪೇತ್ರ ತನ್ನ ಮೊದಲನೇ ಪತ್ರದ 4ನೇ ಅಧ್ಯಾಯದಲ್ಲಿ ಕೊಲೆಗಾರನಾಗಿಯೋ ಕಳ್ಳನಾಗಿಯೋ ಬಾಧೆ ಪಡಬೇಡಿ ಅಂತ ಹೇಳ್ತಾ, ಅದೇ ಪಟ್ಟಿಗೆ ಬೇರೆಯವರ ವಿಷಯಕ್ಕೆ ತಲೆ ಹಾಕೋನನ್ನೂ ಸೇರಿಸಿದಾನೆ. ನನ್ನ ಆ ಸಿಸಿ ಹಾಕಿದ ಮೇಲ್ ಯಾವ ಪಟ್ಟಿಗೆ ಸೇರುತ್ತೆ ಅಂತ ನಂಗೆ ಆ ವಾಕ್ಯ ಓದಿದ ಮೇಲೆ ಅನುಮಾನ ಉಳೀಲಿಲ್ಲ. ಕೋರ್ಸಲ್ಲಿ ಆ ವಾಕ್ಯ ಎಲ್ಲೂ ಬರಲ್ಲ.

ಈಗ ಗುಂಪಿನ ವಿಷಯ. ನಮ್ ಗುಂಪಲ್ಲಿ ಒಬ್ಬ ತಂಗಿ ಇದ್ಲು, ಹೊಸದಾಗಿ ವಿಶ್ವಾಸಕ್ಕೆ ಬಂದವಳು, ಮನೆಯವರು ಯಾರೂ ವಿಶ್ವಾಸಿಗಳಲ್ಲ. ಕ್ಯಾಮೆರಾ ಯಾವಾಗ್ಲೂ ಆಫ್, ಮಾತಾಡಿದ್ರೆ ಪಿಸುಮಾತು, ಆಮೇಲೆ ಗೊತ್ತಾಯ್ತು ಬಾತ್‌ರೂಮಿನಿಂದ ಸೇರ್ಕೋತಿದ್ಲು, ನಲ್ಲಿ ಸಣ್ಣಗೆ ಬಿಟ್ಕೊಂಡು. ಆ ನೀರಿನ ಸದ್ದು ನಮಗೆಲ್ಲಾ ಕೇಳ್ತಿತ್ತು, ನಾವು ನೆಟ್‌ವರ್ಕ್ ತೊಂದರೆ ಅಂದ್ಕೊಂಡಿದ್ವಿ. ಏಳನೇ ವಾರ ಅವಳು ಕೇಳಿದ್ಲು, ಮನೆಯಲ್ಲಿ ಪೂಜೆ ಆಗೋವಾಗ ಅಮ್ಮನ ಪಕ್ಕ ನಿಂತಿರ್ತೀನಿ, ಅಮ್ಮನಿಗೆ ಮೈ ಹುಷಾರಿಲ್ಲ, ಕೈ ಹಿಡ್ಕೋಬೇಕು, ಮನಸ್ಸಲ್ಲಿ ನಾನು ಬೇರೆ ಪ್ರಾರ್ಥನೆ ಮಾಡ್ತೀನಿ, ಇದು ತಪ್ಪಾ ಅಂತ. ಲೀಡರ್ ಒಂದು ಕ್ಷಣಾನೂ ಯೋಚ್ನೆ ಮಾಡ್ದೆ, ಇವತ್ತೇ ಧೈರ್ಯವಾಗಿ ಹೇಳಿಬಿಡಿ ಸಿಸ್ಟರ್, ದಾನಿಯೇಲ ಕಿಟಕಿ ಮುಚ್ಚಲಿಲ್ಲ ಅಂದ್ರು. ಅವಳು ಸರಿ ಬ್ರದರ್ ಅಂದ್ಲು. ನಲ್ಲಿ ಸದ್ದು ನಿಂತೋಯ್ತು. ಎಂಟನೇ ವಾರಕ್ಕೆ ಬರ್ಲಿಲ್ಲ.

ನಂಗೆ ಕೆಟ್ಟ ಸಿಟ್ಟು ಬಂತು, ಆವಾಗ ಬಾಯಿ ಬಿಡ್ಲಿಲ್ಲ ಅನ್ನೋದಕ್ಕೆ ನನ್ನ ಮೇಲೂ ಸಿಟ್ಟು. ರಾಜನಿಗೆ ಬಿಟ್ಟು ಬೇರೆ ಯಾರಿಗೂ ಪ್ರಾರ್ಥನೆ ಮಾಡಬಾರದು ಅಂತ ಆಜ್ಞೆ ಆದಾಗಲೂ ದಾನಿಯೇಲ ಕಿಟಕಿ ಮುಚ್ಚಲಿಲ್ಲ ನಿಜ, ಆವಾಗ ಅವನಿಗೆ ವಯಸ್ಸಾಗಿತ್ತು, ರಾಜ್ಯದಲ್ಲಿ ದೊಡ್ಡ ಹುದ್ದೆ, ದಿನಕ್ಕೆ ಮೂರು ಸಲ ಕಿಟಕಿ ತೆಗೆದು ಪ್ರಾರ್ಥನೆ ಮಾಡೋದು ಮುಂಚಿಂದಲೂ ರೂಢಿ, ನಿರ್ಧಾರನೂ ಅವನದೇ, ಯಾರೋ ಸ್ಕ್ರೀನ್ ಆಚೆ ಕೂತು ಹೇಳಿದ್ದಲ್ಲ. ಅದೇ ಬೈಬಲಲ್ಲಿ ಅರಾಮ್ಯರ ಸೇನಾಪತಿ ನಾಮಾನನೂ ಇದಾನೆ, ಎರಡನೇ ಅರಸುಗಳು 5. ಕುಷ್ಠ ವಾಸಿಯಾಗಿ, ಇನ್ಮೇಲೆ ಯೆಹೋವನಿಗೇ ಆರಾಧನೆ ಅಂದವನು, ಹಿಂದೇನೇ ಅಳುಕಿ ಕೇಳ್ತಾನೆ, ನನ್ನ ರಾಜ ರಿಮ್ಮೋನನ ಗುಡಿಗೆ ಹೋಗೋವಾಗ ನನ್ನ ಕೈ ಮೇಲೆ ಆತುಕೊಂಡಿರ್ತಾನೆ, ಅವನು ಬಗ್ಗಿದ್ರೆ ನಾನೂ ಬಗ್ಗಬೇಕಾಗುತ್ತೆ, ಇದೊಂದನ್ನ ಕ್ಷಮಿಸಲಿ ಅಂತ. ಪ್ರವಾದಿ ಎಲೀಷ ಕೊಟ್ಟ ಉತ್ತರ, ಸಮಾಧಾನದಿಂದ ಹೋಗು ಅಂತ ಅಷ್ಟೇ. ಆ ಹುಡುಗಿ ಕೇಳಿದ್ದೂ ಇದನ್ನೇ ಅಲ್ವಾ, ಕೈ ಸಮೇತ! ಎಲೀಷನ ಮಾತಿಗೆ ಅರ್ಥ ಏನು ಅಂತ ಪಂಡಿತರು ಜಗಳ ಆಡ್ಲಿ, ಆದ್ರೆ ಪ್ರವಾದಿ ಹೊಸ ವಿಶ್ವಾಸಿಗೆ ಲೆಕ್ಚರ್ ಕೊಡಲಿಲ್ಲ ಅನ್ನೋದಂತೂ ಕಣ್ಣಿಗೆ ಕಾಣುತ್ತಲ್ಲ. ಅಹಾಬ ರಾಜನ ಅರಮನೆ ಕೆಲಸದಲ್ಲೇ ಇದ್ದು ನೂರು ಪ್ರವಾದಿಗಳನ್ನ ಐವತ್ತೈವತ್ತು ಮಂದಿ ಮಾಡಿ ಗವಿಗಳಲ್ಲಿ ಬಚ್ಚಿಟ್ಟು ಸಾಕಿದ ಓಬದ್ಯ, ತನ್ನ ಜನ ಯಾವುದು ಅಂತ ಹೇಳದೇ ಅರಮನೆಗೆ ಹೋದ ಎಸ್ತೇರಳು, ಇವರ್ಯಾರೂ ಎಂಟು ವಾರದಲ್ಲಿ ಒಂದ್ಸಲನೂ ಬರಲ್ಲ. ಕಿಟಕಿ ತೆಗೆದವರ ಕಥೆ ಮಾತ್ರ ಆರಿಸಿ ಆರಿಸಿ ಇಟ್ಟಿದಾರೆ.

ಉಳಿದ ಸಣ್ಣಪುಟ್ಟ ವಿಷಯ. ವಿಡಿಯೋ ಕ್ವಾಲಿಟಿ ಚೆನ್ನಾಗಿದೆ, ಸಬ್‌ಟೈಟಲ್ ಅಲ್ಲಲ್ಲಿ ಹಾಸ್ಯ, ಬಾಬೆಲಿನ ರಾಜ ‘ನೆಬೂಕದ್ನೆಚ್ಚರ’ನ ಹೆಸರು ಪ್ರತಿ ಸಲ ಬೇರೆ ಬೇರೆ ಥರ ಬರುತ್ತೆ. ವರ್ಕ್‌ಬುಕ್ ಫೋನಲ್ಲಿ ತುಂಬೋಕಾಗಲ್ಲ, ಪ್ರಿಂಟ್ ತಗೊಳ್ಳಿ, ಉತ್ತರ ಬರೆಯೋಕೆ ಕೊಟ್ಟಿರೋ ಜಾಗ ಎರಡು ಗೆರೆ, ಅದು ಯಾರಿಗೆ ಸಾಲುತ್ತೆ ಗೊತ್ತಿಲ್ಲ. ಗುಂಪಿಗೆ ಸೇರೋ ಮುಂಚೆ ಲೀಡರ್ ಯಾರು ಅಂತ ವಿಚಾರಿಸ್ಕೊಳ್ಳಿ, ಬೇರೆ ಗುಂಪಲ್ಲಿದ್ದ ನನ್ನ ಫ್ರೆಂಡ್‌ಗೆ ತುಂಬಾ ತಾಳ್ಮೆ ಇರೋರು ಸಿಕ್ಕಿದ್ರು, ಅವಳು ಇದೇ ಕೋರ್ಸಿಗೆ ಐದಕ್ಕೆ ಐದು ಕೊಡ್ತಾಳೆ. ನಾನು ಮೂರು. ಬರೀ ಎರಡು ಮತ್ತು ನಾಲ್ಕನೇ ವಾರಕ್ಕೆ ಆದ್ರೆ ಐದು ಕೊಡ್ತೀನಿ. ಮನೆಯಲ್ಲಿ ಒಬ್ರೇ ವಿಶ್ವಾಸಿ ಆಗಿರೋರಿಗೆ, ಏಳನೇ ವಾರ ಬಿಟ್ಬಿಡಿ.

ಕೊನೇಲಿ ಫೀಡ್‌ಬ್ಯಾಕ್ ಫಾರ್ಮ್ ಬಂತು, ‘ಇನ್ನೂ ಏನು ಸೇರಿಸಬಹುದು’ ಅನ್ನೋ ಕಡೆ ನಾಮಾನ ಅಂತ ಬರೆದು ಕೆಳಗೆ ಒಂದು ಪುಟ ಕಾರಣ ಬರ್ದೆ. ನಿಮ್ಮ ಅಮೂಲ್ಯ ಸಲಹೆಗೆ ವಂದನೆಗಳು ಅಂತ ಮೆಷೀನ್ ಉತ್ತರ ಬಂತು. ಆ ತಂಗಿಗೆ ನಾನೇ ಮೆಸೇಜ್ ಹಾಕಿದ್ದೆ, ಹನ್ನೊಂದು ದಿನ ನೀಲಿ ಟಿಕ್ ಬರ್ಲಿಲ್ಲ, ಹನ್ನೆರಡನೇ ದಿನ ‘ಅಕ್ಕಾ, ಇನ್ನೂ ಹೇಳಿಲ್ಲ, ಬೈತೀರಾ’ ಅಂತ ಬಂತು. ಬೈಯಲ್ಲ ಅಂತ ಬರ್ದೆ. ಈಗ ಕೋರ್ಸ್ ಇದ್ದ ಅದೇ ಸಂಜೆ ಇಬ್ರೂ ಫೋನಲ್ಲಿ ಓದ್ತೀವಿ, ಅವಳು ನಲ್ಲಿ ಬಿಟ್ಕೊಂಡಿರ್ತಾಳೆ, ಎರಡನೇ ಅರಸುಗಳು ಐದನೇ ಅಧ್ಯಾಯದಿಂದ ಶುರು ಮಾಡಿದೀವಿ.